ಟರ್ಬೋ ಗಾಡಿಯ ಬಿಡಿಭಾಗ ಹಂಚಿಕೆ ಪ್ರಕರಣ

ಬಾಗಲಕೋಟೆಯ ನೀರಾವರಿ ಕಚೇರಿಯಲ್ಲಿ ಬಂದ ಹೋದ ಕಾಗದಗಳ ಲೆಕ್ಕವಿಡುವ ಆವಕ-ಜಾವಕ ಟೇಬಲ್ಲಿನಲ್ಲಿ ಮೂವತ್ತೊಂದು ವರ್ಷ ಕೂತ ಪಂಢರೀನಾಥರು ಸ್ವಂತ ಬುದ್ಧಿಯಿಂದ ಹೊರಡಿಸಿದ ಆದೇಶ ಒಂದೇ ಒಂದು. ಉಳಿದ ಎಲ್ಲ ಕಾಗದಗಳ ಮೇಲೂ “ತಮ್ಮ ಆದೇಶಕ್ಕಾಗಿ ಸಲ್ಲಿಸಿದೆ” ಎಂದು ಬರೆದು ಮೇಲಿನ ಟೇಬಲ್ಲಿಗೆ ದಾಟಿಸಿ ಕೈ ತೊಳೆದುಕೊಂಡವರು ಅವರು. ಮನೆಯಲ್ಲಿಯೂ ಅದೇ ಪದ್ಧತಿ. ಅಲ್ಲಿ ಮೇಲಿನ ಟೇಬಲ್ಲು ಅವರ ಹೆಂಡತಿ ಅಮಿತಾ, ಹೈಸ್ಕೂಲಿನ ಗಣಿತದ ಟೀಚರು. ಇಂಥ ಮನುಷ್ಯ ಎರಡು ವರ್ಷದ ಹಿಂದೆ ಒಂದು ಶನಿವಾರ ಯಾರನ್ನೂ ಕೇಳದೆ ಹೋಗಿ, ಯಾರೋ ಓಡಿಸಿ ಬಿಟ್ಟ ಕೆಂಪು ಬಣ್ಣದ ಡೀಸೆಲ್ ಕಾರೊಂದನ್ನು ತಂದು ನವನಗರದ ತಮ್ಮ ಮನೆಯ ಮುಂದೆ ನಿಲ್ಲಿಸಿಬಿಟ್ಟರು. ಕಾರಿನ ಬೆನ್ನ ಮೇಲೆ ಬೆಳ್ಳಿ ಅಕ್ಷರದಲ್ಲಿ ‘ಟರ್ಬೋ’ ಎಂದಿತ್ತು. ಅವರು ಗಾಡಿ ಕೊಂಡದ್ದೇ ಆ ಅಕ್ಷರಗಳಿಗಾಗಿ ಎಂಬುದು ಅಮಿತಾ ಅವರ ಖಚಿತ ಅಭಿಪ್ರಾಯ.

ಟರ್ಬೋ ಅಂದರೆ ಏನೆಂದು ಪಂಢರೀನಾಥರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗಿಂತ ಗಟ್ಟಿಯಾಗಿ ಹೇಳುವುದು ಅವರು ಕಚೇರಿಯಲ್ಲಿ ಕಲಿತ ವಿದ್ಯೆ. ಹುನಗುಂದದಲ್ಲಿ ಹೆಂಡತಿಯ ತಮ್ಮ, ವಕೀಲ ಕೇದಾರನ ಮಗನ ಮುಂಜಿವೆಯಾಯಿತು. ಊಟದ ಪಂಕ್ತಿಯಲ್ಲಿ ಕೂತ ಪಂಢರೀನಾಥರು ಎಡಕ್ಕೂ ಬಲಕ್ಕೂ ತಮ್ಮ ಗಾಡಿಯ ಗುಣಗಾನ ಸುರು ಹಚ್ಚಿಕೊಂಡರು.

“ಸಾದಾ ಗಾಡಿ ಮುಂಜಾನಿಂದ ಓಡಿದ್ರ ಮಧ್ಯಾಹ್ನಕ್ಕ ದಣೀತದ. ಟರ್ಬೋ ಹಂಗಲ್ಲ. ಅದು ಓಡಿದಷ್ಟೂ ಹುರುಪಾಗ್ತದ. ಇಡೀ ದಿನ ಓಡಸ್ರಿ, ಉಸ್ಸ ಅನ್ನೂದಿಲ್ಲ.”

ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಕೇದಾರ ವಕೀಲರ ದನಿಯಲ್ಲಿ ಕೇಳಿದ, “ಹಂಗಾರ ಭಾವಾ, ಬಾಗಲಕೋಟಿ ಮೋಟಾರ್ ಬಳಗದವರು ತಾಳಿಕಿ ಓಟ ಇಟ್ಟಾರಲ್ಲ, ಅದರಾಗ ಹೆಸರು ಕೊಟ್ಟೀರೇನು?”

ಬಡಿಸುವವರು ಸಾರಿನ ಬಕೀಟು ಹಿಡಿದು ನಿಂತಲ್ಲೇ ನಿಂತರು. ಅಷ್ಟು ಮಂದಿಯ ಎದುರಿಗೆ ಇಲ್ಲ ಅನ್ನುವುದು ಹೇಗೆ? “ಕೊಟ್ಟಾತು ಅಂತ ತಿಳಿ” ಅಂದುಬಿಟ್ಟರು.

ತಾಳಿಕೆ ಓಟವೆಂದರೆ ಮೊದಲು ಬಂದವ ಗೆಲ್ಲುವ ಓಟವಲ್ಲ. ಬಾಗಲಕೋಟೆಯಿಂದ ಬದಾಮಿ, ಅಲ್ಲಿಂದ ಅಮೀನಗಡ, ಹುನಗುಂದ, ಇಳಕಲ್ಲು, ತಿರುಗಿ ಕಮತಗಿ ಮೇಲೆ ಹಾಯ್ದು ಬಾಗಲಕೋಟೆ. ಹೀಗೆ ಎರಡು ಸುತ್ತು. ಮುಂಜಾನೆ ಆರಕ್ಕೆ ಹೊರಟು ಸಂಜೆ ನಾಲ್ಕರೊಳಗೆ ಬರಬೇಕು. ದಾರಿಯಲ್ಲಿ ಗಾಡಿ ಕೆಟ್ಟರೆ ನೀವೇ ರಿಪೇರಿ ಮಾಡಿಕೊಳ್ಳಬೇಕು. ಎಲ್ಲ ಸೇರಿ ತೊಂಬತ್ತು ನಿಮಿಷಕ್ಕಿಂತ ಹೆಚ್ಚು ನಿಂತ ಗಾಡಿ ಓಟದಿಂದ ಹೊರಗೆ. ನಿಂತ ಹೊತ್ತನ್ನು ಚಾಲಕನ ಬಾಜೂಕೆ ಕೂತವರು ಪುಸ್ತಕದಲ್ಲಿ ಬರೆಯಬೇಕು.

ಅಮಿತಾ ಮನೆಗೆ ಬಂದ ಮೇಲೆ ಸಿಟ್ಟು ಮಾಡಲಿಲ್ಲ. ಅದೇ ಪಂಢರೀನಾಥರಿಗೆ ಹೆಚ್ಚು ಹೆದರಿಕೆ ತಂದಿತು.

“ಎರಡು ವರ್ಷದಾಗ ಈ ಗಾಡಿ ನಮ್ಮ ಮನಿ ಮುಂದ ನಿಂತದ್ದಕ್ಕಿಂತ ಯಂಕಪ್ಪನ ಗ್ಯಾರೇಜಿನ್ಯಾಗ ನಿಂತದ್ದ ಹೆಚ್ಚು. ಇರಲಿ. ಮಾತು ಕೊಟ್ಟೀರಿ, ಓಡಸ್ರಿ. ಬಾಜೂಕ ಕೂತು ಪುಸ್ತಕಾ ಬರಿಯಾಕಿ ನಾನು. ತೊಂಬತ್ತು ನಿಮಿಷದಾಗ ಮುಗಿಸಿದ್ರ ಗಾಡಿ ನಮ್ಮನ್ಯಾಗ ಇರ್ತದ. ತೊಂಬತ್ತೊಂದಾತೋ, ಸೋಮವಾರ ಕಮತಗಿ ದುಂಡೇಶ ಬಂದು ಒಯ್ತಾನ. ಅವಗ ಹೇಳಿಬಿಟ್ಟೇನಿ.”

ದುಂಡೇಶನೆಂದರೆ ಕಮತಗಿಯ ಕಂತ್ರಾಟುದಾರ. ಆ ಕೆಂಪು ಗಾಡಿಯ ಮೇಲೆ ಅವನ ಕಣ್ಣು ಬಿದ್ದು ವರ್ಷವಾಗಿತ್ತು. ಅಮಿತಾ ಎಂದರೆ ಇಪ್ಪತ್ತೈದು ವರ್ಷದಲ್ಲಿ ಯಾವ ಹುಡುಗನಿಗೂ ಅರ್ಧ ಮಾರ್ಕು ಹೆಚ್ಚಿಗೆ ಹಾಕದವರು. ಸ್ವಂತ ತಂಗಿಯ ಮಗಳಿಗೆ ಮೂವತ್ತನಾಲ್ಕೇ ಹಾಕಿ ಫೇಲು ಮಾಡಿ, ಆಮೇಲೆ ತಾವೇ ಬೇಸಿಗೆಯೆಲ್ಲ ಪಾಠ ಹೇಳಿ ಪಾಸು ಮಾಡಿಸಿದವರು. ತೊಂಬತ್ತೊಂದು ಅಂದರೆ ತೊಂಬತ್ತೊಂದೇ. ಪಂಢರೀನಾಥರಿಗೆ ಆ ರಾತ್ರಿ ಊಟ ಸೇರಲಿಲ್ಲ. ಹುಟ್ಟಿದಾರಭ್ಯ ಅವರು ತಮ್ಮದೇ ಆಸೆಯಿಂದ ತಂದುಕೊಂಡ ವಸ್ತು ಅದೊಂದೇ.

ಮರುದಿನವೇ ಅವರು ಯಂಕಪ್ಪನ ಗ್ಯಾರೇಜಿನಲ್ಲಿ ಹಾಜರಾದರು. ಯಂಕಪ್ಪ ಬಾನೆಟ್ಟು ಎತ್ತಿ, ಒಳಗೆ ತಲೆ ಹಾಕಿದವ ಅಲ್ಲಿಂದಲೇ ಮಾತಾಡಿದ.

“ಟರ್ಬೋ ಅಂದ್ರ ಏನಿಲ್ರಿ ಸರ. ಹೊಗಿ ಹೊರಗ ಹೋಗೂ ಮುಂದ ಒಂದು ಫಿರಕಿ ತಿರಗಸ್ತೈತಿ. ಆ ಫಿರಕಿ ಇಂಜಿನ್ನಿಗೆ ಗಾಳಿ ತುರಕತೈತಿ. ಜೋರ ಗಾಳಿರಿ. ಇಕಾ, ಈ ದಪ್ಪ ರಬ್ಬರ್ ಪೈಪಿನ್ಯಾಗ ಹಾದು ಹೋಗತೈತಿ. ಇಂಥಾ ಗಾಡಿ ದಿನವಿಡೀ ಓಡಿದ್ರ ಇಲ್ಲೇ ಕೈ ಕೊಡೂದು. ಇನ್ನೊಂದು ಮಾತು. ಓಡಿ ಬಂದ ಕೂಡ್ಲೆ ಬಂದ್ ಮಾಡಬ್ಯಾಡ್ರಿ. ಎರಡು ನಿಮಿಷ ನಿಂತಲ್ಲೇ ಚಾಲೂ ಇರ್ಲಿ. ಇಲ್ಲಂದ್ರ ಫಿರಕಿ ಸುಟ್ಟು ಕರಕಾಗತೈತಿ.”

ಆಮೇಲೆ ಅವನು ಒಂದು ದೊಡ್ಡ ಗೋಣಿಚೀಲ ತುಂಬಿ ಕೊಟ್ಟ. ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟಿನ ಡಬ್ಬಿ, ಫ್ಯಾನ್ ಬೆಲ್ಟು, ನಟ್ಟು ಬಿಗಿಯುವ ಪಾನಾ, ಸ್ಕ್ರೂಡ್ರೈವರುಗಳ ಚೀಲ, ಪೈಪಿಗೆ ಬಿಗಿಯುವ ಎರಡು ಉಕ್ಕಿನ ಕ್ಲಿಪ್ಪು. “ಎಲ್ಲಾ ಡಿಕ್ಕ್ಯಾಗ ಇಡ್ರಿ ಸರ. ಎಲ್ಲಿ ಕೆಟ್ರೂ ಅಂಜಿಕಿಲ್ಲ” ಎಂದ.

ಡಿಕ್ಕಿಯಲ್ಲಿ ಇಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ನಮ್ಮ ಕಡೆ ಮನುಷ್ಯ ಒಂದೂರಿಗೆ ಹೊರಟರೆ ಆ ಊರಿನ ಬಳಗದವರಿಗೆ ತಿಳಿಸದೆ ಹೋಗುವುದು ಅಪರಾಧ. ಹೇಳದೆ ಹಾಯ್ದು ಹೋದದ್ದು ಗೊತ್ತಾದರೆ ಮುಂದಿನ ಮೂರು ಮದುವೆಗಳ ತನಕ ಮಾತು ಕೇಳಬೇಕು. ಪಂಢರೀನಾಥರು ಬದಾಮಿಯಲ್ಲಿದ್ದ ಕಾಕಾನ ಮಗ ಶಿರೀಷನಿಗೆ ಫೋನು ಮಾಡಿದರು. ಶಿರೀಷ ಸಾಲಿ ಮಾಸ್ತರ.

“ಅಣ್ಣಾ, ನಮ್ಮ ಮನಿ ಮುಂದ ಹಾದು ಹೋಗ್ತಿ ಅಂದಮ್ಯಾಲ ನನ್ನಿಂದ ಏನರ ಸೇವಾ ಆಗಬೇಕಲ್ಲ. ಗಾಡಿ ಕೆಟ್ಟರ ಏನ ಮಾಡ್ಲಿ ಹೇಳು.”

ಆಗ ಪಂಢರೀನಾಥರ ತಲೆಯಲ್ಲಿ ಕಚೇರಿ ಎದ್ದು ಕೂತಿತು. ಬಿಡಿಭಾಗಗಳನ್ನೆಲ್ಲ ಒಂದೇ ಕಡೆ ಏಕೆ ಇಡಬೇಕು? ಊರಿಗೊಂದರಂತೆ ಹಂಚಿದರೆ ಗಾಡಿಯ ಭಾರ ಕಡಿಮೆ, ಬಳಗಕ್ಕೂ ಸಂತೋಷ. ಬಿಳಿ ಹಾಳೆಯ ಮೇಲೆ ‘ಬಿಡಿಭಾಗ ಹಂಚಿಕೆ ಪಟ್ಟಿ’ ಎಂದು ಬರೆದು ಅಡಿಗೆರೆ ಎಳೆದರು. ಅವರು ಸ್ವಂತ ಬುದ್ಧಿಯಿಂದ ಹೊರಡಿಸಿದ ಆ ಒಂದೇ ಒಂದು ಆದೇಶ ಇದೇ. ಕೂಲಂಟು ಬದಾಮಿಯ ಶಿರೀಷನಿಗೆ ಹೋಯಿತು. ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟ ಕಾಲೇಜು ಗೆಳೆಯ ಮುದಕಪ್ಪನಿಗೆ ಬೆಲ್ಟು. ಕೇದಾರನಿಗೆ ಸುದ್ದಿ ತಿಳಿದು, “ಬದಾಮಿಯವರಿಗೆ ಡಬ್ಬಿ ಕೊಟ್ಟು ನಮಗೇನೂ ಇಲ್ಲೇನು ಭಾವಾ? ವಕೀಲ ಇದ್ದೇನಿ ನಾ” ಎಂದಾಗ ಪಾನಾ ಚೀಲವೇ ಹುನಗುಂದಕ್ಕೆ ಮಂಜೂರಾಯಿತು.

ಕೊನೆಗೆ ಇಳಕಲ್ಲಿನಿಂದ ಅಕ್ಕ ಸರಸ್ವತೀಬಾಯಿಯ ಫೋನು ಬಂತು. ಎಪ್ಪತ್ತು ದಾಟಿದ ಜೀವ. ಮಕ್ಕಳು ಮೊಮ್ಮಕ್ಕಳಿಂದ ಮನೆ ತುಂಬಿತ್ತು, ಆದರೆ ಮೊಣಕಾಲು ಹಿಡಿದು ಎರಡು ವರ್ಷದಿಂದ ಓಣಿಯ ತಿರುವು ದಾಟಿರಲಿಲ್ಲ. ದನಿ ಮಾತ್ರ ಮೊದಲಿನಂತೆಯೇ ಖಡಕ್ಕು.

“ಪಂಢರಿ, ಎಲ್ಲಾರಿಗೂ ಹಂಚೀಯಂತ. ಹಿರಿಯಾಕಿ ನಾ ಸತ್ತಿಲ್ಲಲಾ?”

ಪಂಢರೀನಾಥರು ಗೋಣಿಚೀಲ ಬೋರಲು ಹಾಕಿದರು. ಎರಡು ಕ್ಲಿಪ್ಪು ಬಿದ್ದವು. ಅವನ್ನೇ ಇಳಕಲ್ಲಿನ ಬಸ್ಸಿನಲ್ಲಿ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿ, “ಅಕ್ಕಾ, ಇಡೀ ಟರ್ಬೋ ನಿಂತಿದ್ದ ಇದರ ಮ್ಯಾಲ” ಎಂದು ಫೋನಿನಲ್ಲಿ ಸಮಾಧಾನ ಹೇಳಿದರು. ಹಾಗೆ ಹೇಳುವಾಗ ಅದು ಸುಳ್ಳು ಎಂದೇ ಅವರ ನಂಬಿಕೆ.

ಭಾನುವಾರ ಮುಂಜಾನೆ ಆರಕ್ಕೆ ಹನ್ನೊಂದು ಗಾಡಿಗಳು ಹೊರಟವು. ಕೆಂಪು ಗಾಡಿಯ ಡಿಕ್ಕಿಯಲ್ಲಿ ಒಂದು ನೀರಿನ ಕ್ಯಾನು ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಅಮಿತಾ ಪುಸ್ತಕ, ಪೆನ್ನು, ಕೈಗಡಿಯಾರ ಸಮೇತ ಪರೀಕ್ಷಾ ಮೇಲ್ವಿಚಾರಕರಂತೆ ಕೂತಿದ್ದರು. ಗಾಡಿ ಹೂವಿನಂತೆ ಓಡಿತು. ಪಂಢರೀನಾಥರು ಸಣ್ಣಗೆ ಹಾಡು ಗುನುಗತೊಡಗಿದರು.

ಬದಾಮಿ ಬಂತು. ರಸ್ತೆಯ ನಡುವೆ ಶಿರೀಷ ಹಸಿರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಹಿಂದೆ ಓಣಿಯ ಹತ್ತಿಪ್ಪತ್ತು ಮಂದಿ.

“ಏನ ಕೆಟ್ಟದ ಅಣ್ಣಾ?” ಆಸೆಯಿಂದ ಕೇಳಿದ.

“ಏನೂ ಕೆಟ್ಟಿಲ್ಲೋ, ದೇವರ ದಯಾ.”

ಶಿರೀಷನ ಮುಖ ಬಾಡಿತು. ಹಿಂದಿದ್ದ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾಕು ಗಂಟೇಕ್ಕ ಎದ್ದೇವಿ ಅಣ್ಣಾ. ವೈನಿ, ನೀವರ ಹೇಳ್ರಿ, ಇಷ್ಟು ಮಂದೀನ ಕರದೇನಿ, ಒಂದು ಹನಿ ಕೂಲಂಟರ ಬ್ಯಾಡೇನು? ಹೋಗ್ಲಿ, ಉಪ್ಪಿಟ್ಟರ ತಿನ್ರಿ.” ತಿನ್ನದೆ ಬಿಡುವಂತಿರಲಿಲ್ಲ. ಗಾಡಿಯನ್ನು ಎರಡು ನಿಮಿಷ ಚಾಲೂ ಇಟ್ಟು ಬಂದ್ ಮಾಡಿದ್ದಾಯಿತು. ಅಮಿತಾ ಪುಸ್ತಕ ಬಿಚ್ಚಿ ಬರೆದರು: ಬದಾಮಿ, ಹದಿನಾಲ್ಕು ನಿಮಿಷ. ಕಾರಣ: ಉಪ್ಪಿಟ್ಟು.

ಅಮೀನಗಡದಲ್ಲಿ ಮುದಕಪ್ಪ ಬೆಲ್ಟನ್ನು ಹಾರದ ಹಾಗೆ ಕೊರಳಲ್ಲಿ ಹಾಕಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಏನೂ ಕೆಟ್ಟಿಲ್ಲ ಎಂದು ಕೇಳಿ ಅವನಿಗೆ ಅನುಮಾನ ಬಂತು.

“ಖರೆ ಹೇಳ್ಲೇ ಪಂಢರಿ. ಬದಾಮ್ಯಾಗ ಬೆಲ್ಟ್ ಹಾಕ್ಕೊಂಡು ಬಂದೀ ಹೌದಿಲ್ಲೋ? ಇಷ್ಟು ವರ್ಷದ ದೋಸ್ತಿ, ನನ್ನ ಬೆಲ್ಟ್ ಬ್ಯಾಡಾತೇನಪಾ ನಿನಗ?”

ಬಾನೆಟ್ಟು ಎತ್ತಿ, ಹಳೆಯ ಬೆಲ್ಟೇ ಇದೆ ಎಂದು ತೋರಿಸಿ, ಕರದಂಟಿನ ಪೊಟ್ಟಣ ಇಸಿದುಕೊಂಡು ಹೊರಡುವಾಗ ಒಂಬತ್ತು ನಿಮಿಷ ಸಂದಿತ್ತು. ಕಾರಣದ ಕಲಮಿನಲ್ಲಿ ಅಮಿತಾ ‘ದೋಸ್ತಿ’ ಎಂದು ಬರೆದರು.

ಹುನಗುಂದದ ಕೇದಾರನ ಸಿದ್ಧತೆಯೇ ಬೇರೆ. ಮನೆಯ ಮುಂದೆ ಬಿಳಿ ಪಂಚೆ ಹಾಸಿ, ಪಾನಾಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟು, ಸಾಕ್ಷಿಗೆಂಬಂತೆ ಇಬ್ಬರು ಜೂನಿಯರ್ ವಕೀಲರನ್ನೂ ಕರೆಸಿದ್ದ. ಗಾಡಿ ಕೆಟ್ಟಿಲ್ಲ ಎಂಬುದನ್ನು ಅವನು ಒಪ್ಪಲೇ ಇಲ್ಲ.

“ಬಳಗದ ವಾಟ್ಸಾಪ್ ಗುಂಪಿನ್ಯಾಗ ಎಲ್ಲಾ ಬಂದದ ಭಾವಾ. ಬದಾಮ್ಯಾಗ ಹದಿನಾಲ್ಕು ನಿಮಿಷ ನಿಂತೀರಿ. ಏನೂ ಕೆಡಲಾರದ ಮನಿಶಾ ಹದಿನಾಲ್ಕು ನಿಮಿಷ ನಿಲ್ತಾನೇನು? ಅವರ ಮನ್ಯಾಗ ಹದಿನಾಲ್ಕು, ಸ್ವಂತ ಮೈದುನನ ಮನ್ಯಾಗ ಐದು ನಿಮಿಷಕ್ಕ ಹೊಂಟೀರಿ. ಇದ್ಯಾವ ನ್ಯಾಯ?”

“ತಮ್ಮಾ, ವ್ಯಾಳ್ಯಾ ಆಗ್ತದೋ” ಎಂದರು ಅಮಿತಾ. ಆದರೆ ಕೇದಾರ ಆಗಲೇ ಜಾಕು ಹಚ್ಚಿ ಮುಂದಿನ ಗಾಲಿ ಎತ್ತಿಬಿಟ್ಟಿದ್ದ. ಎತ್ತಿದ ಗಾಡಿಯನ್ನು ಬಿಟ್ಟು ಹೋಗುವುದು ಹೇಗೆ? ಚಹಾ ಬಂತು, ಅವಲಕ್ಕಿ ಬಂತು. ಬಿಗಿಯಾಗಿದ್ದ ನಟ್ಟುಗಳನ್ನು ಮತ್ತೆ ಬಿಗಿದು, ಗಾಲಿ ಇಳಿಸಿದ ಮೇಲೆಯೇ ಬಿಡುಗಡೆ. ಹದಿನಾರು ನಿಮಿಷ. ಕಾರಣ: ನ್ಯಾಯ.

ಇಳಕಲ್ಲಿನಲ್ಲಿ ಸರಸ್ವತೀಬಾಯಿ ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ಹಿತ್ತಾಳೆಯ ತಾಟು. ತಾಟಿನಲ್ಲಿ ಅರಿಷಿಣ ಕುಂಕುಮ ಹಚ್ಚಿದ ಎರಡು ಕ್ಲಿಪ್ಪು. ಪಂಢರೀನಾಥರು ಇಂಜಿನ್ನು ಚಾಲೂ ಇಟ್ಟೇ ಇಳಿದು ಕಾಲಿಗೆ ನಮಸ್ಕಾರ ಮಾಡಿದರು.

“ಗಾಡಿ ಯಾಕ ಗುರ್ ಅನ್ನಲಿಕ್ಕೆ ಹತ್ತೇದ? ಬಂದ ಕಾಲಿನ್ಯಾಗ ಹೋಗೂ ಅವಸರೇನು?”

“ಹಂಗಲ್ಲಕ್ಕಾ, ಟರ್ಬೋ ಆರಬೇಕು.”

“ಹುನಗುಂದದಾಗ ಆರಿಸಿದ್ರಿ, ಇಲ್ಲೆ ಆರೂದಿಲ್ಲೇನು? ಒಳಗ ಬಾ. ಏನ ಕೆಟ್ಟದ ಹೇಳು.”

ಏನೂ ಕೆಟ್ಟಿಲ್ಲ ಎಂದರು ಪಂಢರೀನಾಥರು. ಅಕ್ಕ ತಾಟಿನ ಕಡೆ ನೋಡುತ್ತ ಹೇಳಿದರು, “ಎಲ್ಲಾರಿಗೂ ಡಬ್ಬಿ, ಚೀಲ, ದೊಡ್ಡ ದೊಡ್ಡ ಸಾಮಾನು ಕೊಟ್ಟಿ. ನನಗೆರಡು ಬಳಿ ಕೊಟ್ಟಿ, ಅವೂ ಕಬ್ಬಿಣದ್ದು. ಇರ್ಲಿ. ಮುದುಕಿಯಿಂದ ಯಾರಿಗೇನಾಗಬೇಕಾಗೇದ.”

ಪಂಢರೀನಾಥರಿಗೆ ಆ ಮಾತು ನಾಟಿತು. ಆದರೆ ಅಮಿತಾ ಗಡಿಯಾರ ನೋಡುತ್ತಿದ್ದರು. ಎರಡು ಮಾತು ಸಮಾಧಾನ ಹೇಳಿ, ಹಾಲು ಕುಡಿದು ಎದ್ದು ಬರುವಾಗ ಹದಿನೈದು ನಿಮಿಷ. ಈ ಸಲ ಅಮಿತಾ ಕಾರಣದ ಜಾಗವನ್ನು ಖಾಲಿ ಬಿಟ್ಟರು.

ತಿರುಗಿ ಬರುವಾಗ ಪಂಢರೀನಾಥರು ಎಲ್ಲರಿಗೂ ಫೋನು ಹಚ್ಚಿಸಿ, ಇದು ಹಿಂದಿರುಗುವ ದಾರಿ, ಇದಕ್ಕೆ ಮಾನಪಾನದ ಹಂಗಿಲ್ಲ ಎಂದು ತಿಳಿಸಿ, ಎಲ್ಲಿಯೂ ನಿಲ್ಲದೆ ಬಾಗಲಕೋಟೆ ಮುಟ್ಟಿದರು. ಮೊದಲ ಸುತ್ತು ಮುಗಿಯಿತು. ಗಾಡಿ ಒಮ್ಮೆಯೂ ಕೆಡದೆ ಐವತ್ತನಾಲ್ಕು ನಿಮಿಷ ಕಳೆದಿದ್ದವು.

“ಇನ್ನ ಮೂವತ್ತಾರು ಉಳದಾವ” ಎಂದರು ಅಮಿತಾ, “ಕೆಟ್ಟಿಲ್ಲ ಅಂದ್ರ ಹದಿನೈದು ನಿಮಿಷ ಹೋಗ್ತಾವ್ರಿ.”

ಪಂಢರೀನಾಥರ ಬುದ್ಧಿಗೆ ಆಗ ಒಂದು ಮಿಂಚು ಹೊಳೆಯಿತು. ಎರಡನೆಯ ಸುತ್ತಿನಲ್ಲಿ ಬದಾಮಿಗೆ ಬಂದವರೇ ಕಿಟಕಿಯಿಂದ ತಲೆ ಹೊರಹಾಕಿ, “ಶಿರೀಷಾ, ಕೂಲಂಟ್ ತಾ! ಗಾಡಿ ಭಾಳ ಕಾದದ!” ಎಂದು ಒದರಿದರು. ಶಿರೀಷನ ಮುಖ ಬೆಳಗಿತು. ಡಬ್ಬಿ ಒಪ್ಪಿಸಿ, ಒಂದು ಫೋಟೋ ಹೊಡೆಸಿಕೊಂಡು, “ಹೋಗಿ ಬಾ ಅಣ್ಣಾ, ತಡಾ ಮಾಡಬ್ಯಾಡ” ಎಂದು ತಾನೇ ಮಂದಿಯನ್ನು ಸರಿಸಿ ದಾರಿ ಮಾಡಿಕೊಟ್ಟ. ಐದೇ ನಿಮಿಷ! ಅಮಿತಾ ಬರೆದರು: ಕಾರಣ, ಸುಳ್ಳು.

ಅಮೀನಗಡದಲ್ಲಿ ಮುದಕಪ್ಪನಿಂದ ಬೆಲ್ಟು ಪಡೆದದ್ದು ಮೂರು ನಿಮಿಷದಲ್ಲಿ. ಹುನಗುಂದದಲ್ಲಿ ಗಾಲಿ ಅಲುಗುತ್ತಿದೆ ಎಂದೊಡನೆ ಕೇದಾರ ಓಡಿ ಬಂದು ಅದೇ ನಾಲ್ಕು ನಟ್ಟುಗಳನ್ನು ಮತ್ತೊಮ್ಮೆ ಬಿಗಿದ. ಪಾನಾ ಚೀಲವನ್ನು ಮಾತ್ರ ಕೊಡಲಿಲ್ಲ. “ಇದು ನನ್ನ ಜವಾಬ್ದಾರಿ ಭಾವಾ” ಎಂದು ಎದೆಗವಚಿಕೊಂಡ. ನಾಲ್ಕು ನಿಮಿಷ. ಕಾರಣ: ಸುಳ್ಳು, ಸುಳ್ಳು.

ಒಟ್ಟು ಅರವತ್ತಾರು. ಇನ್ನು ಇಳಕಲ್ಲೊಂದು ದಾಟಿದರೆ ಗೆದ್ದಂತೆ. ಪಂಢರೀನಾಥರು ಖುಷಿಯಿಂದ ಕಾಲು ಒತ್ತಿದರು. ಹುನಗುಂದ ದಾಟಿ ಆರೇಳು ಕಿಲೋಮೀಟರು ಹೋಗಿರಬೇಕು. ಬಾನೆಟ್ಟಿನೊಳಗೆ ಫಟ್ ಎಂದು ಸದ್ದಾಯಿತು. ಹಿಂದೆಯೇ ಬುಸ್ಸೆಂದು ಗಾಳಿ. ಕಾಲು ಒತ್ತಿದರೆ ಕರಿ ಹೊಗೆ ಬಂತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ನಾಲ್ಕು ಪಥದ ಹೆದ್ದಾರಿಯ ಅಂಚಿನಲ್ಲಿ, ಒಂದು ಜಾಲಿ ಮರದ ಹತ್ತಿರ ತೆವಳಿ ನಿಂತಿತು. ಅಲ್ಲಿ ಬಳಗದವರು ಹೋಗಲಿ, ಒಂದು ನಾಯಿಯೂ ಇರಲಿಲ್ಲ.

ಪಂಢರೀನಾಥರು ಯಂಕಪ್ಪನಿಗೆ ಫೋನು ಹಚ್ಚಿದರು. ದಪ್ಪ ರಬ್ಬರಿನ ಪೈಪು ಕಳಚಿ ಜೋತು ಬಿದ್ದಿದೆ ಎಂದು ಹೇಳಿದರು.

“ಅಷ್ಟೇನ್ರಿ? ಕ್ಲಿಪ್ಪ ಮುರದಿರತೈತ್ರಿ. ಹೊಸಾದು ಹಾಕ್ರಿ ಸರ, ಐದು ನಿಮಿಷದ ಕೆಲಸ.”

“ಕ್ಲಿಪ್ಪು ಇಳಕ್ಲಾಗ ಅವ ಯಂಕಪ್ಪಾ.”

“ಇಳಕ್ಲಾಗ? ಹೋಗ್ಲಿ, ಹಳೇ ಕ್ಲಿಪ್ಪ ಬಿದ್ದಿದ್ರ ಹುಡುಕಿ, ಸ್ಕ್ರೂಡ್ರೈವರ್ ತಗೊಂಡು...”

“ಸ್ಕ್ರೂಡ್ರೈವರ್ ಹುನಗುಂದದಾಗ ಅದ.”

ಆ ಕಡೆ ಯಂಕಪ್ಪ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

“ಸರ, ಗಾಡಿಯರ ನಿಮ್ಮ ಕಡೆನ ಐತ್ರಿಲ್ಲೋ?”

“ಗಾಡಿ ಅದ. ಕೂಲಂಟ್ ಅದ, ಬೆಲ್ಟ್ ಅದ. ಕರದಂಟ ಅದ.”

ಅಷ್ಟರಲ್ಲಿ ಅಮಿತಾ ತಮ್ಮ ಫೋನು ತೆಗೆದು, ನಿಂತ ಜಾಗದ ಗುರುತು ಕಳಿಸಿ, ಬಳಗದ ಗುಂಪಿಗೆ ಒಂದೇ ಸಾಲು ಹಾಕಿದರು: ಈ ಸಲ ಖರೇನ ಕೆಟ್ಟದ.

ಒಂಬತ್ತನೆಯ ನಿಮಿಷಕ್ಕೆ ಕೇದಾರ ಕಾರಿನಲ್ಲಿ ಬಂದ. ಇಬ್ಬರು ಜೂನಿಯರುಗಳೂ ಪಾನಾ ಚೀಲದ ಎರಡು ಕಿವಿ ಹಿಡಿದು ಇಳಿದರು. ಚೀಲ ಬಂತು, ಕ್ಲಿಪ್ಪು ಇಲ್ಲ. “ಅಕ್ಕ ಯಾರ ಕೈಯಾಗ ಕಳಸ್ತಾಳೋ, ಯಾವಾಗ ಬಂದು ಮುಟ್ಟತಾವೋ” ಎಂದು ಪಂಢರೀನಾಥರು ರಸ್ತೆಯುದ್ದಕ್ಕೂ ಅಡ್ಡಾಡಿದರು. ಹನ್ನೆರಡು, ಹದಿಮೂರು, ಹದಿನೈದು. ಉಳಿದದ್ದು ಒಂಬತ್ತೇ ನಿಮಿಷ.

ಆಗ ಇಳಕಲ್ಲಿನ ಕಡೆಯಿಂದ, ಡಿವೈಡರಿನ ಆಚೆಯ ರಸ್ತೆಯಲ್ಲಿ, ಒಂದು ಆಟೋ ಬಂದು ನಿಂತಿತು. ಅದರಿಂದ ಮೊದಲು ಒಂದು ಹಿತ್ತಾಳೆಯ ತಾಟು ಹೊರಬಂತು. ಆಮೇಲೆ ಒಂದು ದೊಡ್ಡ ಬುತ್ತಿಯ ಗಂಟು. ಅದರ ಹಿಂದೆ ಸರಸ್ವತೀಬಾಯಿ.

“ಅಕ್ಕಾ!” ಎಂದು ಪಂಢರೀನಾಥರು ಎರಡೂ ಕಡೆ ನೋಡಿ ಓಡಿದರು. ತಿರುವು ಮೂರು ಕಿಲೋಮೀಟರು ಮುಂದೆ ಇದೆ, ಅಲ್ಲಿಂದ ತಿರುಗಿಸಿಕೊಂಡು ಬರುತ್ತೇನೆ ಎಂದು ಆಟೋದವ ಹೇಳುತ್ತಿದ್ದ.

“ಅಲ್ಲಿತನಕಾ ನನ್ನ ತಮ್ಮನ ಗಾಡಿ ಕೆಟ್ಟು ನಿಂತಿರಬೇಕೇನು?” ಎಂದರು ಅಕ್ಕ. ಪಂಢರೀನಾಥರು ಒಂದು ಕಡೆ, ಕೇದಾರ ಇನ್ನೊಂದು ಕಡೆ ಹಿಡಿದು, ರಸ್ತೆ ಖಾಲಿಯಾದದ್ದು ನೋಡಿ, ಡಿವೈಡರಿನ ಕಟ್ಟೆಯನ್ನು ಏರಿಸಿ ಇಳಿಸಿ ಈಚೆ ತಂದರು. ಎರಡು ವರ್ಷದಿಂದ ಓಣಿಯ ತಿರುವು ದಾಟದ ಹೆಣ್ಣುಮಗಳು ಹೆದ್ದಾರಿ ದಾಟಿ ಬಂದು, ತಾಟು ಮುಂದೆ ಹಿಡಿದು, ಏದುಸಿರು ಬಿಡುತ್ತ ಹೇಳಿದರು:

“ತಗೋ. ಯಾರ ಕೈಯಾಗೂ ಕಳಿಸಬಾರ್ದು ಅಂತ ನಾನ ತಂದೆ.”

ಹದಿನೇಳನೆಯ ನಿಮಿಷ. ಆ ಮೇಲಿನ ಐದು ನಿಮಿಷ ಎಲ್ಲರೂ ಬಾನೆಟ್ಟಿನ ಸುತ್ತ ಬಾಗಿದ್ದರು. “ಬಿಸಿ ಇರತೈತ್ರಿ, ಅರಿವಿ ಸುತ್ತಿ ಹಿಡೀರಿ. ಪೈಪ್ ಪೂರಾ ಒಳಗ ತುರುಕ್ರಿ. ಇನ್ನೂ ಒಳಗ. ಈಗ ಕ್ಲಿಪ್ಪ ಬಿಗಿ ಮಾಡ್ರಿ” ಎಂದು ಫೋನಿನೊಳಗಿಂದ ಯಂಕಪ್ಪ ಹೇಳಿದ. ಪಂಢರೀನಾಥರು ಮಾಡಿದರು, ಕೇದಾರ ಸ್ಕ್ರೂ ತಿರುವಿದ. ಕೀಲಿ ಕೊಟ್ಟು ಕಾಲು ಒತ್ತಿದರೆ ಕರಿ ಹೊಗೆ ಮಾಯ. ಟರ್ಬೋ ಸಣ್ಣಗೆ ಸಿಳ್ಳು ಹಾಕಿತು.

“ಇಪ್ಪತ್ತೆರಡು” ಎಂದರು ಅಮಿತಾ. “ಒಟ್ಟು ಎಂಬತ್ತೆಂಟು. ಎರಡು ನಿಮಿಷ ಉಳದಾವ. ಹತ್ರಿ ಗಾಡಿ!”

“ಹೋಗಪಾ ಹೋಗು” ಎಂದರು ಅಕ್ಕ. “ನಿನಗ ವ್ಯಾಳ್ಯಾ ಅದ. ನನ್ನ ಕೆಲಸಾ ಆತು.”

ಮುಂಜಾನೆ ‘ಹೋಗೂ ಅವಸರೇನು’ ಎಂದು ಒಳಗೆ ಕರೆದಿದ್ದ ಅಕ್ಕನೇ ಈಗ ಹೋಗು ಎನ್ನುತ್ತಿದ್ದರು. ಹಾಗೆ ಹೇಳಿ ಅವರು ಜಾಲಿ ಮರದ ಬುಡದ ಕಲ್ಲಿನ ಮೇಲೆ ಮೆಲ್ಲಗೆ ಕೂತರು. ಬುತ್ತಿಯ ಗಂಟಿನಲ್ಲಿ ಒಂದು ತುದಿ ಸಡಿಲಾಗಿತ್ತು, ಅದನ್ನು ಮತ್ತೆ ಬಿಗಿದು ಕಟ್ಟತೊಡಗಿದರು. ನೋವಿಗೆ ಒಂದು ಕೈ ಮೊಣಕಾಲಿನ ಮೇಲಿತ್ತು, ಮುಖದಲ್ಲಿ ಮಾತ್ರ ಬಹಳ ದಿನದಿಂದ ಕಾಣದ ಹಿಗ್ಗು. ಪಂಢರೀನಾಥರು ಸೀಟಿನಲ್ಲಿ ಕೂತವರು ಆ ಕೈ ನೋಡಿದರು, ಗಂಟು ನೋಡಿದರು. ಗಾಡಿ ಹೋದರೆ ಹೋಗಲಿ ಅನಿಸಿತು. ಎರಡು ನಿಮಿಷ ಇಂಜಿನ್ನು ಚಾಲೂ ಬಿಟ್ಟು, ಕೀಲಿ ತಿರುವಿ, ಇಳಿದರು.

“ಅಕ್ಕಾ, ಭಾಳ ಹಸಿವಿ ಆಗೇದ.”

“ಹುಚ್ಚಾ! ಓಟ?”

“ಓಟ ಇರ್ತದ. ಏನ ತಂದೀ?”

ಮೆಂತ್ಯದ ಚಪಾತಿ, ಎಣಗಾಯಿ, ಮೊಸರನ್ನ, ಶೇಂಗಾ ಹಿಂಡಿ. ಜೂನಿಯರ್ ವಕೀಲರು ಬಿಳಿ ಪಂಚೆ ಹಾಸಿದರು. ಅಷ್ಟರಲ್ಲಿ ಮುದಕಪ್ಪ ಮೋಟಾರ್ ಸೈಕಲ್ಲಿನ ಮೇಲೆ ಇನ್ನೊಂದು ಬೆಲ್ಟು ಕೊರಳಲ್ಲಿ ಹಾಕಿಕೊಂಡು ಬಂದ. ಓಟದ ಮೇಲ್ವಿಚಾರಣೆಗೆಂದು ಜೀಪಿನಲ್ಲಿ ಬಂದ ಮೋಟಾರ್ ಬಳಗದ ಕಾರ್ಯದರ್ಶಿ, “ನೀವು ತೊಂಬತ್ತು ದಾಟಿದ್ರಿ ಸರ” ಎಂದು ಗಂಭೀರವಾಗಿ ಹೇಳಲು ಬಾಯಿ ತೆರೆದ. ಸರಸ್ವತೀಬಾಯಿ ಅವನ ಕೈಗೂ ಚಪಾತಿ ಕೊಟ್ಟರು. ಅವನು ಎಣಗಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಆ ಮಾತು ಮುಗಿಸಿದ. ಬದಾಮಿಯಿಂದ ಶಿರೀಷ ಮಾತ್ರ ಫೋನಿನಲ್ಲಿ, “ನಾನೊಬ್ಬನ ಇಲ್ಲಲ್ಲಣ್ಣಾ ಅಲ್ಲೆ!” ಎಂದು ಗೋಳಾಡಿದ.

ಅಮಿತಾ ಊಟ ಮಾಡಿ, ಕೈ ತೊಳೆದು, ಪುಸ್ತಕ ಬಿಚ್ಚಿದರು. ಪಂಢರೀನಾಥರು ಹೆಂಡತಿಯ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಪೆನ್ನು ತಡವರಿಸಲಿಲ್ಲ. ಊಟ, ನಲವತ್ತೊಂದು ನಿಮಿಷ. ಒಟ್ಟು ನೂರಾ ಇಪ್ಪತ್ತೊಂಬತ್ತು.

ಸೋಮವಾರ ಮುಂಜಾನೆ ಒಂಬತ್ತಕ್ಕೆ ಕಮತಗಿಯ ದುಂಡೇಶ ಬಂದ. ಗಾಲಿಗೆ ಇಡಲು ನಿಂಬೆಹಣ್ಣು, ಒಡೆಯಲು ತೆಂಗಿನಕಾಯಿ ಎರಡನ್ನೂ ತಂದಿದ್ದ. ಪಂಢರೀನಾಥರು ನಸುಕಿನಲ್ಲೇ ಎದ್ದು ಗಾಡಿ ತೊಳೆದು, ಬೆಳ್ಳಿ ಅಕ್ಷರಗಳನ್ನು ಒರೆಸಿ, ಒಳಕೋಣೆಗೆ ಹೋಗಿ ಕೂತಿದ್ದರು. ನೋಡಲು ಅವರಿಗೆ ಧೈರ್ಯವಿರಲಿಲ್ಲ. ಬಾಗಿಲಿನಾಚೆಯ ಮಾತೆಲ್ಲ ಕೇಳಿಸುತ್ತಿತ್ತು.

“ಅಕ್ಕಾರ, ಗಾಡ್ಯಾಗ ದೋಷ ಏನರ ಅದಾವೇನ್ರಿ? ನೀವು ಸುಳ್ಳ ಹೇಳೂದಿಲ್ಲ ಅಂತ ಊರಿಗೆ ಗೊತ್ತೈತಿ.”

“ಅವ” ಎಂದರು ಅಮಿತಾ. ಪುಸ್ತಕದ ಹಾಳೆ ತಿರುವಿದ ಸದ್ದಾಯಿತು. “ಬದಾಮ್ಯಾಗ ಉಪ್ಪಿಟ್ಟು ತಿನ್ನಲಾರದ ಮುಂದ ಹೋಗೂದಿಲ್ಲ. ಅಮೀನಗಡದಾಗ ಕರದಂಟ ಇಸಗೋಬೇಕು. ಹುನಗುಂದದಾಗ ನನ್ನ ತಮ್ಮ ಗಾಲಿ ಬಿಗದ ಬಿಗೀತಾನ, ಬ್ಯಾಡ ಅಂದ್ರ ಕೋರ್ಟಿನ ಮಾತು ತಗೀತಾನ. ಇಳಕಲ್ಲಿಗೆ ಹೋಗಿ ನಮ್ಮ ನಾದಿನಿಗೆ ನಮಸ್ಕಾರ ಮಾಡಬೇಕು. ಮಾಡಲಿಲ್ಲಂದ್ರ ಅವರೇ ಹೆದ್ದಾರಿಗೆ ಬರ್ತಾರ.”

“ಅಕ್ಕಾರ, ಇವು ಗಾಡಿ ದೋಷ ಅಲ್ರಿ. ಮಂದಿ ದೋಷ.”

“ಗಾಡಿ ಜೋಡಿ ಅವರೂ ಬರ್ತಾರ. ಪಾನಾ ಚೀಲ ನನ್ನ ತಮ್ಮನ ಮನ್ಯಾಗ ಅದ, ವಾಪಸ್ ಕೇಳಿದ್ರ ಕೊಡವಲ್ಲ. ನಿಮಗ ನಡೀತದಂದ್ರ ಇವತ್ತ ಒಯ್ರಿ. ಹೋಗೂ ಮುಂದ ನಾಕು ಫೋನ್ ನಂಬರ್ ಬರಕೊಳ್ರಿ.”

ಕುರ್ಚಿ ಸರಿದ ಸದ್ದು, ಚಪ್ಪಲಿ ಮೆಟ್ಟಿದ ಸದ್ದು, ಗೇಟಿನ ಸದ್ದು.

ಪಂಢರೀನಾಥರು ಬಾಗಿಲಿಗೆ ಬಂದರು. ಕೆಂಪು ಗಾಡಿ ನಿಂತಲ್ಲೇ ನಿಂತಿತ್ತು. “ಅಮಿತಾ, ನೂರಾ ಇಪ್ಪತ್ತೊಂಬತ್ತಾಗಿತ್ತಲ್ಲ?” ಎಂದರು ಸಣ್ಣ ದನಿಯಲ್ಲಿ.

“ಆಗಿತ್ತು. ನೀವು ಫೇಲ್. ಅದರಾಗ ಎರಡು ಮಾತಿಲ್ಲ” ಎಂದು ಅಮಿತಾ ಪುಸ್ತಕ ಮುಚ್ಚಿದರು. ಆಮೇಲೆ ಗಂಡನ ಮುಖ ನೋಡಿ, “ನಿನ್ನೆ ನೀವು ಗಾಡಿ ಬಂದ್ ಮಾಡಿ ಇಳದ್ರಲ್ಲ, ನನಗ ಭಾಳ ಛಲೋ ಅನಿಸ್ತು. ಖರೆ ಹೇಳ್ತೇನಿ, ನೀವು ಇಳೀಲಿಲ್ಲಂದ್ರ ನಾ ಇಳಿಯಾಕಿ ಇದ್ದೆ” ಎಂದರು.

ಅಮಿತಾ ಕೈ ಚಾಚಿದರು.

“ಕೀಲಿಕೈ ಕೊಡ್ರಿ ಇತ್ತಾಗ. ಬರೂ ವರ್ಷದ ಓಟಕ್ಕ ಓಡಸಾಕಿ ನಾನು. ನೀವು ಬಾಜೂಕ ಕೂತು ಊಟಾ ಮಾಡ್ಕೋತ ಬರ್ರಿ.”

“ನಿನಗ ಓಡಸಲಿಕ್ಕೆ ಎಲ್ಲೆ ಬರ್ತದ?”

“ಇವತ್ತ ಸಂಜಿಕ ಕಲಸ್ರಿ.”

ಆ ಸಂಜೆ ನವನಗರದ ಖಾಲಿ ಮೈದಾನದಲ್ಲಿ ಕೆಂಪು ಟರ್ಬೋ ಗಾಡಿ ಮೊದಲನೆಯ ಗೇರಿನಲ್ಲಿ ನೆಗೆಯುತ್ತ, ನಿಲ್ಲುತ್ತ, ಮತ್ತೆ ನೆಗೆಯುತ್ತ ಸುತ್ತು ಹಾಕಿತು. ಆಡುತ್ತಿದ್ದವರು ವಿಕೆಟ್ಟು ಕಿತ್ತುಕೊಂಡು ಮನೆಗೆ ಹೋದರು. ಹಾದಿಹೋಕರು ಗೋಡೆ ಏರಿ ನಿಂತರು. ಬಾಜೂಕೆ ಕೂತ ಪಂಢರೀನಾಥರು ಎರಡೂ ಕೈಯಿಂದ ಸೀಟು ಹಿಡಿದುಕೊಂಡು, “ಭಾಳ ಛಲೋ ಓಡಸ್ತಿ ಅಮಿತಾ, ಭಾಳ ಛಲೋ” ಎನ್ನುತ್ತಿದ್ದರು. ಅವರ ಕಣ್ಣು ಮುಚ್ಚಿದ್ದವು, ಮುಖ ತುಂಬ ನಗುವಿತ್ತು.